ಹುಳಿ ಕುಡಿದ ಆಲೂಗೆಡ್ಡೆ

ಬೆಂದ ಆಲೂಗೆಡ್ಡೆ ಬಿಸಿಯಿರುವಾಗ ಹುಳಿ ಕುಡಿಯುತ್ತದೆ, ಆರಿದ ಮೇಲೆ ಅಷ್ಟಾಗಿ ಕುಡಿಯುವುದಿಲ್ಲ. ಆಲೂಗೆಡ್ಡೆ ಸಲಾಡ್ ಮಾಡಿ ಕೈ ಪಳಗಿದವರು ಯಾವ ದೇಶದವರಾದರೂ ಈ ಮಾತಿಗೆ ಹೂಂಗುಟ್ಟುತ್ತಾರೆ. ಆ ಹುಳಿ ಯಾವುದು ಎಂಬಲ್ಲಿಂದ ಮುಂದೆ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಸ್ಟುಟ್‌ಗಾರ್ಟ್‌ನವರು ವಿನೆಗರ್ ಸುರಿಯುತ್ತಾರೆ. ಲಿಮಾದವರೂ ಬೈರೂತ್‌ನವರೂ ನಿಂಬೆ ಹಿಂಡುತ್ತಾರೆ. ನೇಪಾಳದ ಪಾಲ್ಪಾದಲ್ಲಿ ಮೊಸರು ಕಲಸುತ್ತಾರೆ. ನಮ್ಮ ಹಾಸನದ ಮನೆಯಲ್ಲೂ ಮೊಸರೇ. ನಾನೀಗ ಇರುವ ಮೈಲಾಪುರದ ನೆರೆಮನೆಯಲ್ಲಿ ಮತ್ತೆ ನಿಂಬೆ. ಈ ಖಾದ್ಯದ ಮೇಲೆ ನನಗೆ ಪ್ರೀತಿ ಬೆಳೆದದ್ದು ಇದನ್ನೆಲ್ಲ ನೋಡಿದ ಮೇಲೆಯೇ. ಲಿಮಾದವರನ್ನು ಬಿಟ್ಟರೆ ಗೆಡ್ಡೆ ಎಲ್ಲರಿಗೂ ಹೊರಗಿನಿಂದ ಬಂದದ್ದು. ಅದಕ್ಕೆ ಕೂಡುವ ಹುಳಿ ಆಯಾ ಊರಿನದು. ಹುಳಿ ಗೊತ್ತಾದರೆ ಊರು ಗೊತ್ತಾದಂತೆ.

ಸಲಾಡ್ ಅಂದಕೂಡಲೇ ನಮ್ಮಲ್ಲಿ ಹಲವರ ಕಣ್ಣಮುಂದೆ ಬರುವುದು ಬಿಲ್ಲೆಬಿಲ್ಲೆಯಾಗಿ ಕೊಯ್ದ ಸೌತೆಕಾಯಿ, ಈರುಳ್ಳಿ, ಒಂದು ಹೋಳು ನಿಂಬೆ. ಆಲೂಗೆಡ್ಡೆ ಸಲಾಡ್ ಅಂದರೆ ಬಿಳಿ ಮೇಯನೇಸ್‌ನಲ್ಲಿ ಮುಳುಗಿದ ತುಂಡುಗಳು. ನಾನು ಅದನ್ನು ಇನ್ನೂ ವಿಶಾಲವಾಗಿ ನೋಡುತ್ತೇನೆ. ಆಲೂಗೆಡ್ಡೆಯನ್ನು ಬೇಯಿಸಿ, ಉಪ್ಪು, ಹುಳಿ, ಒಂದಿಷ್ಟು ಜಿಡ್ಡು ಕೂಡಿಸಿ, ಆರಿಸಿ ಅಥವಾ ಉಗುರುಬೆಚ್ಚಗೆ ತಿಂದರೆ ಅದು ಸಲಾಡೇ. ಈ ಲೆಕ್ಕಕ್ಕೆ ನಮ್ಮ ಮೊಸರು ಬಜ್ಜಿ, ಉಡುಪಿಯವರ ಸಾಸಿವೆ, ತಮಿಳರ ಪೊಡಿಮಾಸ್ ಮೂರೂ ಜಗತ್ತಿನ ಆಲೂಗೆಡ್ಡೆ ಸಲಾಡುಗಳ ಪಂಕ್ತಿಯಲ್ಲಿ ಕೂರಬೇಕಾದವು. ಅವನ್ನು ಆ ಪಂಕ್ತಿಯಲ್ಲಿ ಕೂರಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಚೆನ್ನೈ ಆಲೂಗೆಡ್ಡೆ ಬೆಳೆಯುವ ಊರಲ್ಲ. ಮಣ್ಣಿನೊಳಗೆ ಗೆಡ್ಡೆ ಕಟ್ಟಬೇಕಾದರೆ ರಾತ್ರಿ ತಂಪಿರಬೇಕು. ಇಲ್ಲಿ ಕಡಲ ತಡಿಯ ರಾತ್ರಿಗಳು ಬೇಸಿಗೆಯಲ್ಲಿ ಬೆವರಿನಲ್ಲೇ ಕಳೆಯುತ್ತವೆ. ಹಾಗಾಗಿ ಈ ನಗರ ತಿನ್ನುವ ಆಲೂಗೆಡ್ಡೆಯೆಲ್ಲ ಘಟ್ಟ ಇಳಿದೋ ಉತ್ತರದಿಂದ ಲಾರಿ ಹತ್ತಿಯೋ ಬರುತ್ತದೆ. ಹಿಂದೆ ಜಾರ್ಜ್‌ಟೌನ್‌ನ ಕೊತ್ತವಾಲ್ ಚಾವಡಿಗೆ ಬರುತ್ತಿತ್ತು, 1996ರಿಂದ ಕೋಯಂಬೇಡು ಮಾರುಕಟ್ಟೆಗೆ ಬರುತ್ತಿದೆ. ನೀಲಗಿರಿಯ ಬೆಳೆ ಮೇಟ್ಟುಪಾಳಯಂ ಮಂಡಿಯ ದಾರಿ ಹಿಡಿಯುತ್ತದೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1822ರಲ್ಲಿ ಉದಕಮಂಡಲದಲ್ಲಿ ಕಲ್ಲುಮನೆ ಕಟ್ಟಲು ತೊಡಗಿದವನು. ಆ ಬೆಟ್ಟದ ತಂಪಿನಲ್ಲಿ ಯುರೋಪಿನ ತರಕಾರಿಗಳನ್ನೂ ಆಲೂಗೆಡ್ಡೆಯನ್ನೂ ಬೆಳೆಸಿ ತೋರಿಸಿದವನೂ ಅವನೇ. ಇನ್ನೂರು ವರ್ಷ ಕಳೆದರೂ ಚೆನ್ನೈಯ ತರಕಾರಿ ಅಂಗಡಿಯಲ್ಲಿ 'ಊಟಿ ಉರುಳೈ' ಅಂದರೆ ಬೆಲೆಯೂ ಒಂದು ಕೈ ಜಾಸ್ತಿ, ಮರ್ಯಾದೆಯೂ ಜಾಸ್ತಿ.

ಕಪಾಲೀಶ್ವರ ಗುಡಿಯ ದಕ್ಷಿಣ ಮಾಡ ಬೀದಿಯಲ್ಲಿ ತರಕಾರಿ ಗುಡ್ಡೆ ಹಾಕಿ ಕೂರುವ ಒಬ್ಬಾಕೆ ಇದ್ದಾಳೆ. ಏನು ಮಾಡಲಿಕ್ಕೆ ಎಂದು ಕೇಳದೆ ಆಕೆ ಆಲೂಗೆಡ್ಡೆ ತೂಗುವುದಿಲ್ಲ. 'ಪೊಡಿಮಾಸಾ, ರೋಸ್ಟಾ, ಅಮ್ಮಾ?' ಎನ್ನುತ್ತಾಳೆ. ಪೊಡಿಮಾಸ್ ಎಂದರೆ ಸಿಪ್ಪೆ ದಪ್ಪಗಾದ, ಬಲಿತ ಗೆಡ್ಡೆ ಆರಿಸಿ, 'ಇದು ಮಾವಾ ಇರುಕ್ಕುಂ' ಎಂದು ಹಾಕುತ್ತಾಳೆ. ಬೆಂದಾಗ ಹಿಟ್ಟುಹಿಟ್ಟಾಗಿ ಒಡೆಯುವಂಥದ್ದು. ಮೊಸರಿಗೆ ಹಾಕುವುದಕ್ಕೆ ಎಂದರೆ ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಿಯುವ ಎಳೆಯ ಗೆಡ್ಡೆ. ಅವು ಬೆಂದ ಮೇಲೂ ತುಂಡಿನ ಅಂಚು ಬಿಡುವುದಿಲ್ಲ. ಜರ್ಮನಿಯ ಅಂಗಡಿಗಳಲ್ಲಿ ಇದೇ ಭೇದವನ್ನು ಚೀಲದ ಮೇಲೆ ಅಚ್ಚು ಹಾಕಿಸುತ್ತಾರೆ. ಇದು ಗಟ್ಟಿಯಾಗಿ ನಿಲ್ಲುವ ಬಗೆ, ಸಲಾಡಿಗೆ. ಇದು ಹಿಟ್ಟಾಗುವ ಬಗೆ, ಕಿವುಚುವುದಕ್ಕೆ. ಗೆಡ್ಡೆ ಎಳೆಯದಿದ್ದಷ್ಟೂ ಪಿಷ್ಟ ಕಡಿಮೆ, ಅಂಟು ಹೆಚ್ಚು. ಬಲಿತಷ್ಟೂ ಪಿಷ್ಟ ಹೆಚ್ಚು. ಮಾಡ ಬೀದಿಯ ಆಕೆ ಅದನ್ನು ಅಂಗೈಯಲ್ಲಿ ಹೊರಳಿಸಿಯೇ ಹೇಳುತ್ತಾಳೆ.

ಆಲೂಗೆಡ್ಡೆಯ ಮಣ್ಣಿನ ವಾಸನೆ ನನಗೆ ಹುಟ್ಟಿನಿಂದ ಬಂದದ್ದು. ಹಾಸನ ಸೀಮೆಯಲ್ಲಿ ಮೇ ತಿಂಗಳು ಬಂತೆಂದರೆ ಎಪಿಎಂಸಿ ಅಂಗಳದಲ್ಲಿ ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆಯ ಮೂಟೆಗಳು ರಾಶಿ ಬೀಳುತ್ತವೆ. ಮುಂಗಾರಿನ ಮೊದಲ ಹನಿಗಳ ಹದ ನೋಡಿ ಬಿತ್ತನೆ. ಉತ್ತರದ ಬಯಲಿನಲ್ಲಿ ಆಲೂಗೆಡ್ಡೆ ಚಳಿಗಾಲದ ಬೆಳೆ, ನಮ್ಮಲ್ಲಿ ಅದು ಮಳೆಗಾಲದ್ದು. ಮಳೆಯ ಜೊತೆಗೇ ಅಂಗಮಾರಿಯ ಭಯವೂ ಬರುತ್ತದೆ. ಮೋಡ ಕವಿದು, ಜಿಟಿಜಿಟಿ ಹನಿ ನಿಲ್ಲದೆ, ಎಲೆಯ ಅಂಚು ಕಪ್ಪಾಗತೊಡಗಿದರೆ ಹೊಲದವರ ಮುಖವೂ ಕಪ್ಪಿಡುತ್ತಿತ್ತು. 1840ರ ದಶಕದಲ್ಲಿ ಐರ್ಲೆಂಡನ್ನು ಹಸಿವಿಗೆ ದೂಡಿದ ರೋಗ ಇದೇ. ಅದನ್ನು ದಾಟಿ ಉಳಿದ ಬೆಳೆ ಶ್ರಾವಣದ ಹೊತ್ತಿಗೆ ಮನೆಗೆ ಬಂದರೆ ಹಬ್ಬಕ್ಕೆ ಬೇರೆ ಕಳೆ.

ಗೆಡ್ಡೆ ಅಗೆದ ದಿನ ಅಮ್ಮ ಬಚ್ಚಲೊಲೆಯ ಬಿಸಿಬೂದಿಯಲ್ಲಿ ಸಣ್ಣವನ್ನು ಹೂಳುತ್ತಿದ್ದಳು. ಸಿಪ್ಪೆ ಕರಿದಾಗಿ ಬಿರಿದ ಮೇಲೆ ತೆಗೆದು, ಊದಿ, ಸುಲಿದು, ಹಸಿಮೆಣಸಿನಕಾಯಿ ಉಪ್ಪು ನುರಿದದ್ದರ ಜೊತೆ ಕೈಯಲ್ಲೇ ಕಿವುಚುವುದು. 'ಬಿಸಿ ಇದ್ದಾಗ್ಲೇ ಕಿವುಚು ಕಣೇ, ಉಪ್ಪು ಒಳಗಿಳೀಬೇಕು' ಅನ್ನುತ್ತಿದ್ದಳು. ಬೆರಳು ಚುರುಗುಟ್ಟಿದರೂ ಕಿವುಚುತ್ತಿದ್ದೆವು. ಆಮೇಲೆ ಅದನ್ನು ಆರಲು ಬಿಟ್ಟು, ಕಡೆದ ಗಟ್ಟಿ ಮೊಸರು ಸುರಿದು, ಕೊತ್ತಂಬರಿಸೊಪ್ಪು ಹಾಕಿ, ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟರೆ ಮೊಸರು ಬಜ್ಜಿ. ರಾಗಿಮುದ್ದೆ ಉಂಡು ಮುಗಿಸಿ ಅನ್ನಕ್ಕೆ ಬರುವ ಹೊತ್ತಿಗೆ ಅದು ತಟ್ಟೆಯಲ್ಲಿ ತಣ್ಣಗೆ ಕಾದಿರುತ್ತಿತ್ತು. ಮೊಸರನ್ನು ಬಿಸಿಯಲ್ಲಿ ಹಾಕಬಾರದು, ಒಡೆದು ನೀರಾಗುತ್ತದೆ. ಉಪ್ಪು ಖಾರ ಬಿಸಿಯಲ್ಲಿ, ಮೊಸರು ತಂಪಿನಲ್ಲಿ. ನಾನು ಕಲಿತ ಮೊದಲ ಸಲಾಡ್ ಪಾಠ ಇದು.

ಎರಡನೆಯ ಪಾಠ ಅತ್ತೆಯಿಂದ. ನಮ್ಮ ಅತ್ತೆಯ ಮನೆತನ ಉಡುಪಿ ಕಡೆಯದು, ಎರಡು ತಲೆಮಾರಿನಿಂದ ಚೆನ್ನೈಯಲ್ಲಿ ನೆಲೆ. ಅವರ ಬಾಯಲ್ಲಿ ಆಲೂಗೆಡ್ಡೆ ಬಟಾಟೆ. ಅವರು ಮಾಡುವುದು ಬಟಾಟೆ ಸಾಸಿವೆ. ತೆಂಗಿನಕಾಯಿ, ಒಂದೆರಡು ಒಣಮೆಣಸು, ಹಸಿ ಸಾಸಿವೆ, ಚೂರು ಬೆಲ್ಲ ಇಷ್ಟನ್ನು ನುಣ್ಣಗೆ ರುಬ್ಬಿ, ಮೊಸರಿನಲ್ಲಿ ಕದಡಿ, ಬೇಯಿಸಿ ಆರಿಸಿದ ಹೋಳುಗಳಿಗೆ ಕೂಡಿಸುತ್ತಾರೆ. ಒಲೆಯ ಮೇಲೆ ಇಡುವಂತಿಲ್ಲ. ಸಾಸಿವೆಯ ಘಾಟು ಇರುವುದು ಇಡೀ ಕಾಳಿನಲ್ಲಲ್ಲ. ಕಾಳು ಒಡೆದು ನೀರು ಸೋಕಿದಾಗ ಒಳಗಿನ ಕಿಣ್ವವೊಂದು ಕೆಲಸಕ್ಕೆ ತೊಡಗಿ ಆ ಘಾಟನ್ನು ಹುಟ್ಟಿಸುತ್ತದೆ. ಕುದಿಸಿದರೆ ಅದು ಹಾರಿಹೋಗುತ್ತದೆ. ಹುಳಿ ಜೊತೆಗಿದ್ದರೆ ಘಾಟು ಹೆಚ್ಚು ಹೊತ್ತು ನಿಲ್ಲುತ್ತದೆ. ಅತ್ತೆಗೆ ಕಿಣ್ವದ ಮಾತು ಬೇಕಿಲ್ಲ. 'ಬಡಿಸುವ ಸ್ವಲ್ಪ ಮೊದಲು ಕಡೆಯಬೇಕು, ಮೂಗಿಗೆ ಹತ್ತಬೇಕು' ಎನ್ನುವುದು ಅವರ ಅಳತೆ.

ಮೂರನೆಯದು ಎದುರುಮನೆಯ ಮಾಮಿಯ ಪೊಡಿಮಾಸ್. ಬೆಂದ ಆಲೂಗೆಡ್ಡೆಯನ್ನು ಆಕೆ ಚಾಕುವಿನಿಂದ ಕೊಯ್ಯುವುದಿಲ್ಲ, ಬೆರಳಿನಿಂದ ಉದುರಿಸುತ್ತಾರೆ. ಸಣ್ಣದು ಕಡಲೆಯಷ್ಟು, ದೊಡ್ಡದು ನೆಲ್ಲಿಕಾಯಿಯಷ್ಟು. ಹಾಗೆ ಒಡೆದ ತುಂಡಿನ ಮೈ ತರಿತರಿಯಾಗಿರುವುದರಿಂದ ರುಚಿ ಹಿಡಿದುಕೊಳ್ಳಲು ಜಾಗ ಹೆಚ್ಚು. ಎಳ್ಳೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ ಚಟಪಟ ಅಂದ ಮೇಲೆ ಹಸಿಮೆಣಸು, ಶುಂಠಿ, ಕರಿಬೇವು, ಅರಿಸಿನ. ಅದರಲ್ಲಿ ಆಲೂಗೆಡ್ಡೆ ಹೊರಳಿಸಿ, ಕಾಯಿತುರಿ ಉದುರಿಸಿ, ಗ್ಯಾಸ್ ಆರಿಸಿದ ಮೇಲೆ ನಿಂಬೆ. 'ಅಡುಪ್ಪ ಅಣಚ್ಚುಟ್ಟು ಅಪ್ಪುರಂ ದಾನ್ ಪಿಳಿಯಣುಂ' ಎಂದು ಮಾಮಿ ಪ್ರತಿ ಸಲವೂ ಎಚ್ಚರಿಸುತ್ತಾರೆ. ಒಲೆ ಆರಿದ ಮೇಲೆಯೇ ಹಿಂಡಬೇಕು, ಇಲ್ಲದಿದ್ದರೆ ನಿಂಬೆ ಕಹಿಯಾಗುತ್ತದೆ, ಪರಿಮಳವೂ ಹೋಗುತ್ತದೆ. ಮಾಡಿದ ಕೂಡಲೇ ತಿಂದರೆ ಅದು ಪಲ್ಯ. ಮಧ್ಯಾಹ್ನದ ಡಬ್ಬಿಯಲ್ಲಿ ಮೊಸರನ್ನದ ಪಕ್ಕ ಆರಿ ಕೂತಾಗ ನಿಂಬೆಯೂ ಕಾಯಿಯೂ ಗೆಡ್ಡೆಯೊಳಗೆ ಇಳಿದು ಅದು ಬೇರೆಯೇ ಆಗಿರುತ್ತದೆ. ಚೆನ್ನೈಯ ಆಲೂಗೆಡ್ಡೆ ಸಲಾಡ್ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಡಬ್ಬಿಯನ್ನೇ.

ಈ ಊರಿಗೆ ಆಲೂಗೆಡ್ಡೆಯ ರುಚಿ ಹತ್ತಿಸಿದ್ದರಲ್ಲಿ ಕನ್ನಡ ಕರಾವಳಿಯವರ ಪಾಲು ದೊಡ್ಡದು. ಕಡಂದಲೆಯ ಕೃಷ್ಣರಾಯರು ಉಡುಪಿಯ ಮಠದ ಅಡುಗೆಮನೆಯಲ್ಲಿ ಹುಡುಗನಾಗಿ ದುಡಿದು ಮದರಾಸಿಗೆ ಬಂದವರು. ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ನಡೆಸಿದರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡು ರಾಜರ ಬಂಗಲೆಯನ್ನು ಗುತ್ತಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದರು. ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಬಂದದ್ದು 1952ರಲ್ಲಿ. ಕೆಥೀಡ್ರಲ್ ರಸ್ತೆಯ ಮರಗಳ ನೆರಳಿನಲ್ಲಿ 1962ರಲ್ಲಿ ಡ್ರೈವ್‌ಇನ್ ಶುರುವಾಯಿತು. ಅದು 2008ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಈ ಹೋಟೆಲುಗಳ ಮಸಾಲೆದೋಸೆಯ ಹೊಟ್ಟೆಯಲ್ಲಿ, ಪೂರಿಯ ಪಕ್ಕದಲ್ಲಿ, ಬೋಂಡದ ಒಳಗೆ ಇದ್ದದ್ದು ಅರಿಸಿನ ಬಣ್ಣದ ಆಲೂಗೆಡ್ಡೆ ಪಲ್ಯ.

ನನ್ನನ್ನು ಯೋಚನೆಗೆ ಹಚ್ಚುವುದು ಇನ್ನೊಂದು ಸಂಗತಿ. ಮಾಧ್ವರ ಮಡಿ ಅಡುಗೆಯಲ್ಲಿ, ಅದರಲ್ಲೂ ಶ್ರಾದ್ಧದ ಅಡುಗೆಯಲ್ಲಿ, ಆಲೂಗೆಡ್ಡೆಗೆ ಇಂದಿಗೂ ಪ್ರವೇಶವಿಲ್ಲ. ಕಡಲಾಚೆಯಿಂದ ಬಂದ ತರಕಾರಿ ಅದು. ಆ ಮಡಿಯ ಅಡುಗೆಮನೆಯಲ್ಲಿ ಬೆಳೆದವರೇ ಘಟ್ಟ ದಾಟಿ ಪರ ಊರಿಗೆ ಬಂದು, ಬಂದವರಿಗೆಲ್ಲ ಬಡಿಸಲು ಕೂತಾಗ, ಹೊರಗಿನ ಗೆಡ್ಡೆಯನ್ನು ಕೈಗೆತ್ತಿಕೊಂಡು ತಮ್ಮ ಒಗ್ಗರಣೆಯಲ್ಲಿ ಒಳಗಿನದಾಗಿ ಮಾಡಿದರು. ಮನೆ ಬಿಟ್ಟು ಬಂದವರಿಗೆ ಮನೆ ಬಿಟ್ಟು ಬಂದ ತರಕಾರಿ ಒದಗಿತು. ಕನ್ನಡದವರು ಮದರಾಸಿನಲ್ಲಿ ಕಟ್ಟಿದ್ದನ್ನು ನೆನೆಯುವಾಗ ಸ್ಟುಡಿಯೋಗಳಲ್ಲಿ ತಯಾರಾದ ನಮ್ಮ ಸಿನಿಮಾಗಳನ್ನು ನೆನೆಯುತ್ತೇವೆ. ಆ ಪಲ್ಯವನ್ನೂ ಅಷ್ಟೇ ಅಭಿಮಾನದಿಂದ ನೆನೆಯಬೇಕು.

ಬೇರೆ ದೇಶದ ಆಲೂಗೆಡ್ಡೆಗಳನ್ನು ನಾನು ನೋಡಿದ್ದು ವಿಮಾನ ಹತ್ತಿ ಅಲ್ಲ, ಕಂಪನಿ ಬಸ್ಸು ಹತ್ತಿ. ಶ್ರೀಪೆರಂಬುದೂರಿನ ಕಡೆ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ಹ್ಯುಂಡೈ 1998ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಕಾರು ತಯಾರಿಸತೊಡಗಿದ ಮೇಲೆ ಕೊರಿಯದ ಸಂಸಾರಗಳು ಬಂದವು. 2007ರಲ್ಲಿ ಬಿಎಂಡಬ್ಲ್ಯು, 2010ರಲ್ಲಿ ಒರಗಡಂನ ರೆನೋ-ನಿಸಾನ್ ಬಂದವು. ಜರ್ಮನರು, ಜಪಾನಿಯರು, ಫ್ರೆಂಚರು ಬಂದರು. ಕಾರಿನ ಹಿಂದೆಯೇ ಅವರ ಅಡುಗೆಗಳೂ ಊರು ಹೊಕ್ಕವು. ಕೊರಿಯದ ಊಟದಂಗಡಿಯಲ್ಲಿ ಅನ್ನದ ಮೊದಲು ಸಾಲಾಗಿ ಇಡುವ ಪುಟ್ಟ ಬಟ್ಟಲುಗಳಲ್ಲಿ ಒಂದರಲ್ಲಿ ಆಲೂಗೆಡ್ಡೆ ಸಲಾಡ್ ಇರುವುದುಂಟು. ಕಿವುಚಿದ ಗೆಡ್ಡೆಯ ನಡುವೆ ಸಿಹಿ ಸೇಬಿನ ಚೂರು. ಜಪಾನಿನವರದು ಅರ್ಧ ಕಿವುಚಿ ಅರ್ಧ ಬಿಟ್ಟದ್ದು. ಉಪ್ಪು ಸವರಿ ನೀರು ಹಿಂಡಿದ ಸೌತೆ ಬಿಲ್ಲೆ, ಕ್ಯಾರೆಟ್, ಮೊಟ್ಟೆಯ ಹಳದಿಯಿಂದ ಮಾಡಿದ ಅವರದೇ ಮೇಯನೇಸ್. ಅಲ್ಲಿನ ಹೆಸರಾಂತ ಕ್ಯೂಪಿ ಮೇಯನೇಸ್ 1925ರಿಂದ ಮಾರಾಟದಲ್ಲಿದೆ. ನೂರು ವರ್ಷದಲ್ಲಿ ಅದು ಅವರ ಮನೆಯ ರುಚಿಯೇ ಆಗಿದೆ.

ಜರ್ಮನಿಯದನ್ನು ಹತ್ತಿರದಿಂದ ನೋಡಿದೆ. ಸ್ಟುಟ್‌ಗಾರ್ಟ್ ಕಡೆಯ ಎಂಜಿನಿಯರ್ ಒಬ್ಬರ ಹೆಂಡತಿ ನೀಲಾಂಕರೈಯ ತಮ್ಮ ಮನೆಗೆ ನಮ್ಮನ್ನು ಊಟಕ್ಕೆ ಕರೆದಿದ್ದರು. ಅತ್ತೆಯೂ ಬಂದಿದ್ದರು. ಸಸ್ಯಾಹಾರಿಗಳೆಂದು ಆಕೆ ತರಕಾರಿ ಬೇಯಿಸಿದ ಸಾರನ್ನೇ ಬೇರೆ ಮಾಡಿಟ್ಟಿದ್ದರು. ಸಿಪ್ಪೆ ಸಮೇತ ಬೆಂದ ಎಳೆಗೆಡ್ಡೆಗಳನ್ನು ಹಬೆ ಆಡುತ್ತಿರುವಾಗಲೇ ಸುಲಿದು, ಬಟ್ಟಲ ಮೇಲೆ ಹಿಡಿದು ತೆಳ್ಳಗೆ ಕೊಯ್ದರು. ಹೆಚ್ಚಿದ ಈರುಳ್ಳಿಯ ಮೇಲೆ ಕುದಿಯುವ ಸಾರು ಸುರಿದು, ಅದಕ್ಕೆ ವಿನೆಗರ್, ರುಬ್ಬಿದ ಸಾಸಿವೆ, ಉಪ್ಪು, ಮೆಣಸು ಸೇರಿಸಿ ಆಲೂಗೆಡ್ಡೆಯ ಮೇಲೆ ಹೊಯ್ದರು. ಅಷ್ಟೊಂದು ನೀರೇ ಎಂದು ನನಗೆ ಗಾಬರಿ. ಸ್ವಲ್ಪ ಹೊತ್ತಿನಲ್ಲಿ ಗೆಡ್ಡೆ ಅದನ್ನೆಲ್ಲ ಎಳೆದುಕೊಂಡಿತು. ಕೊನೆಗೆ ಎಣ್ಣೆ. ಮೊದಲೇ ಎಣ್ಣೆ ಹಾಕಿದರೆ ಹೋಳಿನ ಮೈಗೆ ಜಿಡ್ಡು ಮೆತ್ತಿ ಸಾರು ಒಳಗಿಳಿಯುವುದಿಲ್ಲ. ಆಮೇಲೆ ಆಕೆ ಚಮಚ ತಿರುವುತ್ತಾ ಬಟ್ಟಲಿಗೆ ಕಿವಿಗೊಟ್ಟು, ನಮಗೂ ಕೇಳಲು ಸನ್ನೆ ಮಾಡಿದರು. ಪಚಪಚ ಸದ್ದು. ಆ ಸದ್ದು ಬಂದರೆ ಹದ ಸರಿ ಎಂದು ಅವರ ಅಜ್ಜಿ ಕಲಿಸಿದ್ದಂತೆ.

ಅತ್ತೆ ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ಕೂತರು. ಇನ್ನೊಂದು ತುತ್ತಿಟ್ಟರು. 'ಉಪ್ಪುಂಟು, ಹುಳಿಯುಂಟು, ಸಾಸಿವೆಯುಂಟು. ಒಂದು ಕಾಯಿ ಇಲ್ಲ ಅಷ್ಟೆ. ಇದು ನಮ್ದೇ ಅಲ್ವಾ ಮಾರಾಯ್ತಿ?' ಎಂದರು. ನಾನು ಅದನ್ನು ಆಕೆಗೆ ತಿಳಿಸಿದಾಗ ಆಕೆ ಎದ್ದುಬಂದು ಅತ್ತೆಯ ಕೈಹಿಡಿದುಕೊಂಡರು. ಮರುವಾರ ನಮ್ಮ ಮನೆಯಲ್ಲಿ ಬಟಾಟೆ ಸಾಸಿವೆ. ಆಕೆ ಅದನ್ನು ಅನ್ನಕ್ಕೆ ಕಲಸದೆ ಹಾಗೇ ಬಟ್ಟಲಲ್ಲಿ ಹಾಕಿಸಿಕೊಂಡು ತಿಂದರು. ಸಲಾಡ್ ತಿನ್ನಬೇಕಾದದ್ದೇ ಹಾಗೆ.

ಜರ್ಮನಿಯೊಳಗೇ ಈ ಖಾದ್ಯಕ್ಕೆ ಎರಡು ಮತ. ತೆಂಕಣದವರು ಸಾರು, ವಿನೆಗರ್, ಎಣ್ಣೆಯವರು. ಬಡಗಣದವರು ಮೇಯನೇಸಿನವರು. ಕ್ರಿಸ್‌ಮಸ್ ಹಿಂದಿನ ಸಂಜೆ ಅಲ್ಲಿನ ಬಹಳ ಮನೆಗಳಲ್ಲಿ ಸಾಸೇಜಿನ ಜೊತೆ ಇದೇ ಊಟ. ಪಕ್ಕದ ಆಸ್ಟ್ರಿಯಾದವರು ತೆಂಕಣದ ಮತದವರು. ಜರ್ಮನ್ ವಲಸಿಗರು ಇದನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿ ಮೊಟ್ಟೆ, ಸೆಲರಿ, ಮೇಯನೇಸ್ ಕೂಡಿ ಜುಲೈ 4ರ ಹುಲ್ಲುಹಾಸಿನ ಊಟವಾಯಿತು. ಲೆಬನಾನಿನಲ್ಲಿ ನಿಂಬೆ, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಪುದೀನ. ನೋಡುತ್ತಾ ಹೋದರೆ ನಕ್ಷೆಯೇ ತೆರೆದುಕೊಳ್ಳುತ್ತದೆ. ದ್ರಾಕ್ಷಿಯೋ ಸೇಬೋ ಹುದುಗಿ ಹುಳಿಯಾಗುವ ತಂಪು ನಾಡುಗಳಲ್ಲಿ ವಿನೆಗರ್. ನಿಂಬೆಗಿಡ ಹಿತ್ತಿಲಿನಲ್ಲೇ ಬೆಳೆಯುವ ಬಿಸಿಲು ನಾಡುಗಳಲ್ಲಿ ನಿಂಬೆ. ಹಸು ಎಮ್ಮೆ ಸಾಕುವವರ ಮನೆಯಲ್ಲಿ ಮೊಸರು. ಯಾರೂ ಕೂತು ತೀರ್ಮಾನಿಸಿದ್ದಲ್ಲ, ಕೈಗೆ ಸಿಕ್ಕ ಹುಳಿಯೇ ಪದ್ಧತಿಯಾಯಿತು.

ಒಂದೇ ಒಂದು ಸಲಾಡ್ ಮಾತ್ರ ಊರೂರು ಸುತ್ತಿತು. 1860ರ ದಶಕದಲ್ಲಿ ಮಾಸ್ಕೋದ ಹರ್ಮಿಟಾಜ್ ರೆಸ್ಟೋರೆಂಟಿನಲ್ಲಿ ಲೂಸಿಯನ್ ಒಲಿವಿಯೆ ಎಂಬ ಬಾಣಸಿಗ ಮಾಡಿದ್ದು. ಅವನ ತಯಾರಿಕೆಯಲ್ಲಿ ಕಾಡುಹಕ್ಕಿಯ ಮಾಂಸದಂಥ ದುಬಾರಿ ಸಾಮಗ್ರಿಗಳಿದ್ದವು. ಕ್ರಾಂತಿಯ ಬಳಿಕ ಅವು ಹೋಗಿ ಆಲೂಗೆಡ್ಡೆ, ಕ್ಯಾರೆಟ್, ಬಟಾಣಿ, ಉಪ್ಪಿನಲ್ಲಿ ಊರಿದ ಸೌತೆ, ಮೊಟ್ಟೆ, ಸಾಸೇಜು ಉಳಿದವು. ಹೊಸ ವರ್ಷದ ಹಿಂದಿನ ರಾತ್ರಿ ರಷ್ಯದ ಮನೆಮನೆಯಲ್ಲೂ ಅದು ಇರಲೇಬೇಕು. ಇರಾನಿನಲ್ಲಿ ಅದು ಸಾಲಾದ್ ಒಲಿವಿಯೆ, ಅದಕ್ಕೆ ಕೋಳಿ ಮಾಂಸ ಸೇರುತ್ತದೆ. ಸ್ಪೇನಿನಲ್ಲಿ ಅದು ರಷ್ಯನ್ ಸಲಾಡ್. ನಮ್ಮ ದೇಶದ ಕ್ಲಬ್ಬುಗಳಿಗೂ, ಅಲ್ಲಿಂದ ಮದುವೆ ಮಂಟಪಗಳ ಬಫೆ ಮೇಜಿಗೂ ಅದೇ ಹೆಸರಿನಲ್ಲಿ ಬಂತು.

ಅದನ್ನು ಚೆನ್ನೈಯ ಬಿಸಿಲಿನಲ್ಲಿ ನೋಡಿದಾಗ ನನಗೆ ಕಳವಳವಾಗುತ್ತದೆ. ಮೇಯನೇಸ್ ತಂಪು ನಾಡಿನ ಕೂಸು. ಹಸಿ ಮೊಟ್ಟೆಯಿಂದ ಮಾಡಿದ್ದು ಇಲ್ಲಿನ ಸೆಖೆಯಲ್ಲಿ ಹೊರಗಿದ್ದರೆ ರೋಗಾಣುಗಳು ಬೆಳೆಯಲು ಬಹಳ ಹೊತ್ತು ಬೇಡ. ತಮಿಳುನಾಡು ಸರ್ಕಾರ ಹಸಿ ಮೊಟ್ಟೆಯ ಮೇಯನೇಸನ್ನು 2025ರ ಏಪ್ರಿಲ್ 8ರಿಂದ ಒಂದು ವರ್ಷ ನಿಷೇಧಿಸಿದ್ದು ಈ ಕಾರಣಕ್ಕೇ. ಮೇಯನೇಸಿನ ಮೇಲೆ ನನಗೆ ದ್ವೇಷವಿಲ್ಲ. ಜಪಾನಿನ ಗೆಳತಿಯ ಮನೆಯಲ್ಲಿ ಫ್ರಿಜ್ಜಿನಿಂದ ತೆಗೆದು ಬಡಿಸಿದಾಗ ಇಷ್ಟಪಟ್ಟು ನೋಡಿದ್ದೇನೆ. ಕತ್ತಿರಿ ವೆಯ್ಯಿಲ್ ಎಂದು ಇಲ್ಲಿನವರು ಕರೆಯುವ ಮೇ ತಿಂಗಳ ಉರಿಯಲ್ಲಿ, ನೂರಾರು ಜನರ ಊಟದ ಮೇಜಿನ ಮೇಲೆ, ಅದಕ್ಕಿಂತ ಒಳ್ಳೆಯದು ನಮ್ಮಲ್ಲೇ ಇದೆ ಎನ್ನುವುದಷ್ಟೇ ನನ್ನ ಮಾತು. ಬಡಿಸುವ ಮುಂಚೆ ಕಲಸುವ ಮೊಸರು, ಒಲೆ ಆರಿದ ಮೇಲೆ ಹಿಂಡುವ ನಿಂಬೆ, ಇವೆಲ್ಲ ಈ ಬಿಸಿಲನ್ನು ತಲೆತಲಾಂತರದಿಂದ ಬಲ್ಲ ಕೈಗಳು ಕಂಡುಕೊಂಡ ದಾರಿಗಳು.

ಚೆನ್ನೈಯೊಳಗೇ ಇನ್ನೂ ಹಲವು ದಾರಿಗಳಿವೆ. ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟಿನಲ್ಲಿ ಮಾರವಾಡಿ ಗುಜರಾತಿಗಳ ನಡುವೆ ಆಲೂ ಚಾಟ್ ಸಿಗುತ್ತದೆ, ಹುಣಸೆ ಬೆಲ್ಲದ ಚಟ್ನಿ, ಹಸಿರು ಚಟ್ನಿ, ಮೇಲೆ ಕರಿ ಉಪ್ಪು. ಕೋಲ್ಕತ್ತದ ಆಲೂ ಕಾಬ್ಲಿ ಇದರ ಬಂಧು, ಅಲ್ಲಿಯೂ ಹುಣಸೆಯೇ ಹುಳಿ. ಬಂದರಿನ ಬಳಿಯ ಬರ್ಮಾ ಬಜಾರಿನ ಆಸುಪಾಸಿನಲ್ಲಿ ಬರ್ಮಾದಿಂದ ಮರಳಿದ ತಮಿಳರು ಅತ್ತೊ ಎಂಬ ನೂಡಲ್ ಸಲಾಡನ್ನು ಹುಣಸೆರಸ, ಹುರಿದ ಈರುಳ್ಳಿ ಹಾಕಿ ಕೈಯಲ್ಲೇ ಕಲಸಿಕೊಡುತ್ತಾರೆ. ಅವರು ಬಿಟ್ಟುಬಂದ ದೇಶದಲ್ಲಿ ಆಲೂಗೆಡ್ಡೆಯನ್ನೂ ಹೀಗೇ ಕಲಸುವುದುಂಟು. ಪಾಲ್ಪಾದ ಚುಕೌನಿಯಲ್ಲಿ ಮೊಸರು, ಈರುಳ್ಳಿ, ಅರಿಸಿನ, ಮೆಂತ್ಯದ ಒಗ್ಗರಣೆ. ಅದರ ವಿವರ ಮೊದಲ ಸಲ ಓದಿದಾಗ ನಮ್ಮಮ್ಮನ ಬಜ್ಜಿಗೂ ಅದಕ್ಕೂ ಒಂದು ಕಾಳು ಮೆಂತ್ಯದಷ್ಟೇ ಅಂತರ ಎನ್ನಿಸಿತು. ಹಿಮಾಲಯದ ಮಗ್ಗುಲಿನವರೂ ಮಲೆನಾಡಿನ ಮಗ್ಗುಲಿನವರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಕಡೆಗೆ ಬಂದಿದ್ದಾರೆ.

ಇದೆಲ್ಲದರ ತವರು ಪೆರು. ಟಿಟಿಕಾಕಾ ಸರೋವರದ ಸೀಮೆಯಲ್ಲಿ ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ ಕಾಡುಗೆಡ್ಡೆಯನ್ನು ಹೊಲಕ್ಕೆ ತಂದವರು ಆಂಡೀಸ್ ಪರ್ವತದ ರೈತರು. ಆ ಸಾಲುಗಳಲ್ಲಿ ಇಂದಿಗೂ ನಾಲ್ಕು ಸಾವಿರಕ್ಕೂ ಹೆಚ್ಚು ನಾಟಿ ತಳಿಗಳಿವೆ. ಅಂತಾರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರವೂ 1971ರಿಂದ ಇರುವುದು ಲಿಮಾದಲ್ಲೇ. ಅವರ ಕೌಸಾ ಎಂಬ ತಣ್ಣನೆಯ ಖಾದ್ಯದಲ್ಲಿ ಹಳದಿ ಆಲೂಗೆಡ್ಡೆಯನ್ನು ನುಣ್ಣಗೆ ನಾದಿ, ಹಳದಿ ಮೆಣಸಿನಕಾಯಿ ರುಬ್ಬಿ ಹಾಕಿ, ನಿಂಬೆ ಹಿಂಡಿ, ಪದರ ಪದರವಾಗಿ ಜೋಡಿಸುತ್ತಾರೆ. ಬಣ್ಣ ಥೇಟ್ ನಮ್ಮ ದೋಸೆಯ ಪಲ್ಯದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡಗಳದ್ದೇ. ಅಲ್ಲಿಂದ ಹೊರಟ ಗೆಡ್ಡೆಯೂ ಮೆಣಸಿನಕಾಯಿಯೂ ಬೇರೆಬೇರೆ ದಾರಿಯಲ್ಲಿ ಬಂದು ಮಾಮಿಯ ಬಾಣಲೆಯಲ್ಲಿ ಮತ್ತೆ ಭೇಟಿಯಾಗಿವೆ. ಭಾರತ ಈಗ ಚೀನಾ ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು ಆಲೂಗೆಡ್ಡೆ ಬೆಳೆಯುವ ದೇಶ. ವಿಶ್ವಸಂಸ್ಥೆ ಮೇ 30ನ್ನು ಆಲೂಗೆಡ್ಡೆಯ ದಿನವೆಂದು ಗೊತ್ತುಮಾಡಿ 2024ರಲ್ಲಿ ಮೊದಲ ಆಚರಣೆ ನಡೆಯಿತು. ಹಾಸನದಲ್ಲಿ ಬಿತ್ತನೆಯೂ ಚೆನ್ನೈಯಲ್ಲಿ ಸೆಖೆಯೂ ಜೋರಾಗಿರುವ ತಿಂಗಳು ಅದು.

ಮಾಡಿನೋಡುವವರಿಗೆ ಇಷ್ಟು ಹೇಳುತ್ತೇನೆ. ಸಿಪ್ಪೆ ಸಮೇತ, ಉಪ್ಪು ಹಾಕಿದ ನೀರಿನಲ್ಲಿ ಬೇಯಿಸಿ. ಬೇಯುವ ನೀರಿಗೆ ಹುಳಿ ಬೇಡ. ತರಕಾರಿಯ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಸುಲಭಕ್ಕೆ ಕರಗುವುದಿಲ್ಲ, ಗೆಡ್ಡೆ ಗಟ್ಟಿಯಾಗಿಯೇ ಉಳಿಯುತ್ತದೆ. ಹುಣಸೆ ಹಿಂಡುವ ಮೊದಲು ಹೋಳು ಬೆಂದಿರಬೇಕು ಎಂದು ನಮ್ಮ ಹಿರಿಯರು ಸಾರಿಗೆ ಹೇಳುತ್ತಿದ್ದದ್ದು ಇಲ್ಲಿಯೂ ಸರಿ. ಬೆಂದದ್ದನ್ನು ಬಿಸಿಯಲ್ಲೇ ಸುಲಿದು ಉಪ್ಪು ಖಾರ ಕೂಡಿಸಿ. ನಿಂಬೆಯಾದರೆ ಹಬೆ ಇಳಿಯುತ್ತಿರುವಾಗ, ಮೊಸರಾದರೆ ಪೂರಾ ಆರಿದ ಮೇಲೆ. ಆರಿದಾಗ ಪಿಷ್ಟದ ಒಂದು ಪಾಲು ಸಣ್ಣಕರುಳಿನಲ್ಲಿ ಜೀರ್ಣ ಆಗದ ರೂಪಕ್ಕೆ ತಿರುಗಿ ನಾರಿನಂತೆ ಮುಂದೆ ಸಾಗುತ್ತದೆ. ತಣ್ಣಗೆ ತಿನ್ನುವುದಕ್ಕೆ ಅದೊಂದು ಒಳ್ಳೆಯ ಕಾರಣ.

ಮಗಳ ಮದುವೆಯ ಅಡುಗೆಯ ಪಟ್ಟಿ ಬರೆಯಲು ಟಿ. ನಗರದ ಅಡುಗೆ ಗುತ್ತಿಗೆದಾರರು ಬಂದಾಗ ಬಫೆಯ ಮೇಜಿಗೆ ಎಂದಿನಂತೆ ರಷ್ಯನ್ ಸಲಾಡ್ ಸೂಚಿಸಿದರು. ನಾನು ಅದನ್ನು ಬಿಡಿಸಿ ಮೂರು ಸಾಲು ಬರೆಸಿದೆ. ಹಾಸನದ ಮೊಸರು ಬಜ್ಜಿ, ಉಡುಪಿಯ ಬಟಾಟೆ ಸಾಸಿವೆ, ಮೈಲಾಪುರದ ನಿಂಬೆ ಪೊಡಿಮಾಸ್. ಮೂರೂ ಒಂದೇ ಸಾಲಿನಲ್ಲಿ, ಒಂದೊಂದರ ಮುಂದೆ ಅದರ ಊರಿನ ಹೆಸರು ಬರೆದ ಚೀಟಿ. ಮೂರರಲ್ಲೂ ಆಲೂಗೆಡ್ಡೆಯೇ ಆದರೆ ಬಂದವರು ಬೇಸರಪಡುವುದಿಲ್ಲವೇ ಎಂದು ಅವರು ಕೇಳಿದರು. ಮೂರರ ರುಚಿಯೂ ಬೇರೆಬೇರೆ, ತಿಂದವರಿಗೆ ಗೊತ್ತಾಗುತ್ತದೆ ಎಂದೆ. ಬೀಗರು ಕೊಯಮತ್ತೂರಿನವರು, ನೆಂಟರಲ್ಲಿ ಅರ್ಧ ಜನ ಕನ್ನಡದವರು, ಕಾರ್ಖಾನೆಯ ಗೆಳೆಯರಲ್ಲಿ ಜರ್ಮನ್ನರೂ ಕೊರಿಯದವರೂ ಇದ್ದರು. ಮದುವೆಯ ದಿನ ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು ಸಾಸಿವೆಯ ಪಾತ್ರೆ. ನಿಮ್ಮ ಮನೆಯ ಸಮಾರಂಭಕ್ಕೂ ನಿಮ್ಮ ಊರಿನ ಆಲೂಗೆಡ್ಡೆ ಸಲಾಡನ್ನೇ ಮಾಡಿಸಿ, ಚೀಟಿಯಲ್ಲಿ ಊರಿನ ಹೆಸರು ದೊಡ್ಡದಾಗಿ ಬರೆಸಿ.